ಗ್ಲುಟೆನ್ ಇಲ್ಲದ ಸ್ಟಫಿಂಗ್: ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಎಲ್ಲರಿಗೂ ಒಂದೇ ಟ್ರೇ

ಸ್ಟಫಿಂಗ್ ಅಂದರೆ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಊಟದ ಬ್ರೆಡ್ ಖಾದ್ಯ. ಮೊದಲ ವರ್ಷ ನಾನು ಮಾಡಿದ ಗ್ಲುಟೆನ್ ಇಲ್ಲದ ಸ್ಟಫಿಂಗ್ ಚಮಚದಲ್ಲಿ ನಿಲ್ಲಲಿಲ್ಲ. ಗಂಜಿಯ ಹಾಗೆ ತಟ್ಟೆಗೆ ಸುರಿಯಿತು. ಎರಡನೇ ವರ್ಷ ಹದ ಸರಿಯಾಗಿತ್ತು, ಆದರೆ ಟ್ರೇ ಎರಡು ಮಾಡಿದ್ದೆ. ದೊಡ್ಡದು ಗೋಧಿ ಬ್ರೆಡ್ಡಿನದು. ಪಕ್ಕದಲ್ಲಿ ಪುಟ್ಟದೊಂದು, ನಮ್ಮ ಭಾವನ ಮಗಳಿಗೆ. ಅವಳಿಗೆ ಸೀಲಿಯಾಕ್ ಕಾಯಿಲೆ, ಗೋಧಿಯಲ್ಲಿರುವ ಗ್ಲುಟೆನ್ ತಿನ್ನುವ ಹಾಗಿಲ್ಲ. ಊಟಕ್ಕೆ ಕೂತ ಹತ್ತೇ ನಿಮಿಷಕ್ಕೆ ಯಾರೋ ದೊಡ್ಡ ಟ್ರೇಯ ಸೌಟನ್ನು ಪುಟ್ಟ ಟ್ರೇಗೆ ಅದ್ದಿದರು. ಅವಳು ಏನೂ ಅನ್ನಲಿಲ್ಲ. ಸುಮ್ನೆ ಅನ್ನ, ಮೊಸರು ಹಾಕಿಕೊಂಡು ಎದ್ದಳು.

ಮೂರನೇ ವರ್ಷದಿಂದ ನಮ್ಮ ಮನೆಯಲ್ಲಿ ಒಂದೇ ಟ್ರೇ. ಎಲ್ಲರೂ ತಿನ್ನುವುದು ಅದನ್ನೇ. ಅದಕ್ಕೆ ಈ ಕ್ರಮ ಸ್ವಲ್ಪ ಉದ್ದವಾಗಿದೆ. ಒಬ್ಬರಿಗೆ ಪಥ್ಯದ ಹಾಗೆ ಮಾಡುವುದು ಸುಲಭ. ಹತ್ತು ಜನ "ಇನ್ನೊಂದು ಸೌಟು ಹಾಕಿ" ಅನ್ನುವ ಹಾಗೆ ಮಾಡುವುದಕ್ಕೆ ಬೇರೆಯದೇ ತಯಾರಿ ಬೇಕು.

ಸ್ಟಫಿಂಗ್ ಅಂದರೆ

ಹೊಸದಾಗಿ ಅಮೆರಿಕಕ್ಕೆ ಬಂದವರಿಗಾಗಿ ಎರಡು ಮಾತು. ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಲಿಂಕನ್ 1863ರಲ್ಲಿ ದೇಶಕ್ಕೆಲ್ಲ ಸಾರಿದ ಹಬ್ಬ ಇದು. ನಾಲ್ಕನೇ ಗುರುವಾರವೇ ಎಂದು ಕಾನೂನಾಗಿದ್ದು 1941ರಲ್ಲಿ. ಅವತ್ತಿನ ಊಟದಲ್ಲಿ ಟರ್ಕಿ ಕೋಳಿಯ ಪಕ್ಕದಲ್ಲಿ ಇರಲೇಬೇಕಾದದ್ದು ಸ್ಟಫಿಂಗ್. ಒಣಗಿದ ಬ್ರೆಡ್ಡಿನ ತುಂಡುಗಳಿಗೆ ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಸೆಲರಿ, ಸೇಜ್ ಸೊಪ್ಪು ಬೆರೆಸಿ, ಸ್ಟಾಕ್ (ತರಕಾರಿ ಅಥವಾ ಮಾಂಸ ಕುದಿಸಿ ಸೋಸಿದ ನೀರು) ಹಾಕಿ ನೆನೆಸಿ ಬೇಯಿಸುವುದು. ನಾವು ಎಣ್ಣೆಗಾಯಿಗೆ ಬದನೆಕಾಯಿಯೊಳಗೆ ಮಸಾಲೆ ತುಂಬುವ ಹಾಗೆ, ಇವರು ಇದನ್ನು ಕೋಳಿಯೊಳಗೆ ತುಂಬುತ್ತಿದ್ದರು. ಹಾಗಾಗಿ ಆ ಹೆಸರು. ಬೇರೆ ಟ್ರೇಯಲ್ಲಿ ಬೇಯಿಸಿದರೆ ದಕ್ಷಿಣದ ರಾಜ್ಯಗಳಲ್ಲಿ ಡ್ರೆಸಿಂಗ್ ಅನ್ನುತ್ತಾರೆ. ಹಳೇ ಬ್ರೆಡ್ಡಿಗೆ ಒಗ್ಗರಣೆ ಹಾಕಿ ಮಾಡುವ ಬ್ರೆಡ್ ಉಪ್ಪಿಟ್ಟಿನ ದೂರದ ನೆಂಟ ಅಂದುಕೊಳ್ಳಿ. ಮೇಲೆ ಗರಿಗರಿ, ಒಳಗೆ ಮೆತ್ತಗೆ.

ಇನ್ನೊಂದು ವಿಷಯ ಗೊತ್ತಿರಲಿ. 1972ರಲ್ಲಿ ಸ್ಟೋವ್ ಟಾಪ್ ಎಂಬ ಡಬ್ಬಿ ಸ್ಟಫಿಂಗ್ ಮಾರುಕಟ್ಟೆಗೆ ಬಂತು. ಬಿಸಿನೀರು, ಬೆಣ್ಣೆ ಹಾಕಿದರೆ ಐದು ನಿಮಿಷದಲ್ಲಿ ತಯಾರು. ಅಮೆರಿಕದ ಎಷ್ಟೋ ಮನೆಗಳಲ್ಲಿ ಸ್ಟಫಿಂಗ್ ರುಚಿ ಅಂದರೆ ನೆನಪಿಗೆ ಬರುವುದು ಆ ಡಬ್ಬಿಯೇ. ಅದರಲ್ಲಿರುವುದು ಗೋಧಿ ಬ್ರೆಡ್ಡು, ನಮಗೆ ಬೇಡ. ಆದರೆ ನಿಮ್ಮ ಅಮೆರಿಕನ್ ನೆಂಟರು ಹುಡುಕುವ ರುಚಿ ಯಾವುದು ಅಂತ ಅದು ಹೇಳುತ್ತದೆ: ಈರುಳ್ಳಿ, ಸೆಲರಿ, ಸೇಜ್, ಬೆಣ್ಣೆ. ಈ ನಾಲ್ಕು ಸರಿಯಾಗಿದ್ದರೆ ಬ್ರೆಡ್ ಯಾವುದು ಅಂತ ಯಾರೂ ಕೇಳುವುದಿಲ್ಲ.

ಗ್ಲುಟೆನ್ ಎಲ್ಲಿ ಅಡಗಿರುತ್ತದೆ

ಹೋಳಿಗೆ ಕಣಕ ಎಳೆದಷ್ಟೂ ಬರುತ್ತದಲ್ಲ, ಆ ಎಳೆತವೇ ಗ್ಲುಟೆನ್. ಗೋಧಿಯಲ್ಲಿರುವ ಪ್ರೋಟೀನ್ ಅದು. ಮೈದಾ, ಚಿರೋಟಿ ರವೆ, ಬನ್ಸಿ ರವೆ, ಗೋಧಿ ಶಾವಿಗೆ ಎಲ್ಲ ಅದರ ಸಂಸಾರವೇ. ಬಾರ್ಲಿ, ರೈ ಧಾನ್ಯಗಳಲ್ಲೂ ಅದರ ದಾಯಾದಿಗಳಿವೆ. ಸೀಲಿಯಾಕ್ ಇರುವವರು ಅದನ್ನು ತಿಂದರೆ ಅವರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಇದು ಅಲರ್ಜಿ ಅಲ್ಲ, ಫ್ಯಾಷನ್ ಅಂತೂ ಅಲ್ಲವೇ ಅಲ್ಲ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬ್ರೆಡ್ಡೇ ಸಿಗದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಕಾಯಿಲೆಯೂ ಮರಳಿತು. ವಿಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು, ಅದು ಹೀಗೆ ಗಟ್ಟಿಯಾಯಿತು.

ತುಂಬಾ ಜನ ಕೇಳುವ ಪ್ರಶ್ನೆ: "ಚೆನ್ನಾಗಿ ಬೇಯಿಸಿದರೆ ಹೋಗಲ್ವಾ?" ಹೋಗುವುದಿಲ್ಲ. ಅದು ರೋಗಾಣು ಅಲ್ಲ, ಪ್ರೋಟೀನ್. ಓವನ್ ಬಿಸಿಗೆ ಅದರ ತೊಂದರೆ ಹೋಗದು.

ಅಮೆರಿಕದಲ್ಲಿ ಪಾಕೆಟ್ ಮೇಲೆ "ಗ್ಲುಟೆನ್ ಫ್ರೀ" ಎಂದು ಬರೆಯಬೇಕಾದರೆ ಅದರಲ್ಲಿ ಗ್ಲುಟೆನ್ 20 ಪಿಪಿಎಂಗಿಂತ ಕಡಿಮೆ ಇರಬೇಕು. ಅಂದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂಗಿಂತ ಕಡಿಮೆ. ಇಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ನಿಯಮ ತಂದಿದ್ದು 2013ರಲ್ಲಿ. "ವೀಟ್ ಫ್ರೀ" ಅಂತ ಬರೆದಿದ್ದರೆ ಮೋಸ ಹೋಗಬೇಡಿ. ಅಲರ್ಜಿ ಲೇಬಲ್ ಕಾನೂನಿನ ಪ್ರಕಾರ ಗೋಧಿಯನ್ನು ಹೇಳಲೇಬೇಕು. ಬಾರ್ಲಿ, ರೈಗಳಿಗೆ ಆ ಕಡ್ಡಾಯ ಇಲ್ಲ. ಮಾಲ್ಟ್ ಎಂಬ ಪದ ಕಂಡರೆ ಸಾಮಾನ್ಯವಾಗಿ ಅದು ಬಾರ್ಲಿ. ಪಾಕೆಟ್ ಕೆಳಗಿಡಿ.

ಸ್ಟಫಿಂಗ್ ವಿಷಯಕ್ಕೆ ಬಂದರೆ ಎಡವುವ ಜಾಗಗಳು ಇವು. ಸ್ಟಾಕ್ ಮಾಡುವ ಬುಯಾನ್ ಕ್ಯೂಬ್: ಕೆಲವದರಲ್ಲಿ ಗೋಧಿ ಇರುತ್ತದೆ. ಸೋಯಾ ಸಾಸ್: ಮಾಮೂಲಿಯದರಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಕಾರ್ನ್‌ಬ್ರೆಡ್ (ಮೆಕ್ಕೆಜೋಳದ ಬ್ರೆಡ್) ಮಿಕ್ಸ್: ಹೆಸರು ಮೆಕ್ಕೆಜೋಳದ್ದು, ಒಳಗೆ ಗೋಧಿಯೂ ಇರಬಹುದು. ಜಿಫಿ ಎಂಬ ಜನಪ್ರಿಯ ಮಿಕ್ಸ್‌ನಲ್ಲಿ ಮೊದಲ ಪದಾರ್ಥವೇ ಗೋಧಿ ಹಿಟ್ಟು. ಓಟ್ಸ್‌ನಲ್ಲಿ ಗ್ಲುಟೆನ್ ಇಲ್ಲ, ಆದರೆ ಹೊಲದಲ್ಲಿ, ಗಿರಣಿಯಲ್ಲಿ ಗೋಧಿ ಜೊತೆ ಬೆರೆಯುವುದು ಜಾಸ್ತಿ. ಲೇಬಲ್ ಇಲ್ಲದ ಓಟ್ಸ್ ಬ್ರೆಡ್ ಬೇಡ.

ನಮ್ಮವರ ಅಡುಗೆಮನೆಗೇ ಸೇರಿದ ಒಂದು ಗುಂಡಿ ಇದೆ. ನಾನು ಅದರಲ್ಲಿ ಬಿದ್ದಿದ್ದೇನೆ. ಆ ಮೊದಲ ವರ್ಷ ಮಜ್ಜಿಗೆ ಹುಳಿ ಮಾಡಿದ್ದೆ. ಅಕ್ಕಿ, ತೆಂಗು, ಮೊಸರು, ಗೋಧಿಯ ಸುಳಿವೂ ಇಲ್ಲ ಅಂತ ಧೈರ್ಯವಾಗಿ ಬಡಿಸಿದೆ. ಅವಳು ನನ್ನ ಒಗ್ಗರಣೆ ಡಬ್ಬಿಯ ಕಡೆ ನೋಡಿ, "ಚಿಕ್ಕಮ್ಮ, ಇಂಗಿನ ಡಬ್ಬಿ ಲೇಬಲ್ ನೋಡಿದ್ರಾ?" ಅಂದಳು. ನೋಡಿದರೆ ಗೋಧಿ ಹಿಟ್ಟು. ಶುದ್ಧ ಇಂಗು ವಿಪರೀತ ಘಾಟಾದ್ದರಿಂದ ಅದಕ್ಕೆ ಹಿಟ್ಟು, ಅಂಟು ಸೇರಿಸಿ ಪುಡಿ ಮಾಡುತ್ತಾರೆ. ಹದಿನೈದು ವರ್ಷ ಅಡುಗೆ ಮಾಡಿದ್ದೇನೆ, ಒಮ್ಮೆಯೂ ಆ ಡಬ್ಬಿ ತಿರುಗಿಸಿ ಓದಿರಲಿಲ್ಲ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಸಾರಿನ ಪುಡಿ, ಚಟ್ನಿಪುಡಿಗಳಲ್ಲೂ ಇದೇ ಇಂಗು ಇರಬಹುದು.

ಊರಿಂದ ತಂದ ಜೋಳದ ಹಿಟ್ಟು, ರಾಗಿ ಹಿಟ್ಟಿನ ಕಥೆಯೂ ಅಷ್ಟೇ. ಧಾನ್ಯದಲ್ಲಿ ಗ್ಲುಟೆನ್ ಇಲ್ಲ, ನಿಜ. ಆದರೆ ಗಿರಣಿಯಲ್ಲಿ ನಮ್ಮ ರಾಗಿಗಿಂತ ಮುಂಚೆ ಯಾರ ಗೋಧಿ ಬಿದ್ದಿತ್ತೋ! ಈ ಊಟಕ್ಕೆ ಅದನ್ನು ಬಳಸಬೇಡಿ.

ಮೊದಲು ಅಡುಗೆಮನೆ

ಇದಕ್ಕೆ ಅರ್ಧ ಗಂಟೆ ಕೊಡಿ. ಒಲೆಕಟ್ಟೆ ಸೋಪು ನೀರಿನಲ್ಲಿ ಒರೆಸಿ, ಹೊಸ ಸ್ಪಂಜು ತೆಗೆಯಿರಿ. ಸ್ಟೀಲ್, ಗಾಜಿನ ಪಾತ್ರೆಗಳು ಚೆನ್ನಾಗಿ ತೊಳೆದರೆ ಸಾಕು. ಗ್ಲುಟೆನ್ ಉಳಿಯುವುದು ಸಂದಿಗಳಲ್ಲಿ. ಮರದ ಸೌಟು, ತರಕಾರಿ ಹೆಚ್ಚುವ ಮರದ ಮಣೆ, ಪಾಸ್ತಾ ಸೋಸುವ ಜಾಲರಿ, ಗೀರು ಬಿದ್ದ ನಾನ್‌ಸ್ಟಿಕ್, ಇವನ್ನೆಲ್ಲ ಬದಿಗಿಡಿ. ಟೋಸ್ಟರ್ ಮುಟ್ಟಲೇ ಬೇಡಿ. ಕಬ್ಬಿಣದ ಬಾಣಲೆಯಲ್ಲಿ ಗೋಧಿ ದೋಸೆ ಮಾಡಿದ್ದರೆ ಅದೂ ಬೇಡ. ಟ್ರೇಗಳಿಗೆ ಬೇಕಿಂಗ್ ಪೇಪರ್ ಹಾಸಿ. ಬೆಣ್ಣೆ ಹೊಸ ಪಾಕೆಟ್ ಒಡೆಯಿರಿ. ಹಳೆಯದರಲ್ಲಿ ಬ್ರೆಡ್ ಚೂರಿ ಓಡಾಡಿರುತ್ತದೆ.

ಅವತ್ತು ಅದೇ ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ಕಲಸಬೇಡಿ. ಹಿಟ್ಟು ಗಾಳಿಯಲ್ಲಿ ಹಾರಿ ಎಲ್ಲೆಲ್ಲೋ ಕೂರುತ್ತದೆ.

ಬೇಕಾಗುವ ಸಾಮಾನು

ಎಂಟರಿಂದ ಹತ್ತು ಜನಕ್ಕೆ, 9x13 ಇಂಚಿನ ಒಂದು ಟ್ರೇಗೆ ಈ ಲೆಕ್ಕ. ಅರ್ಧ ಕಾರ್ನ್‌ಬ್ರೆಡ್, ಅರ್ಧ ಅಂಗಡಿಯ ಗ್ಲುಟೆನ್ ಇಲ್ಲದ ಬ್ರೆಡ್. ಬರೀ ಕಾರ್ನ್‌ಬ್ರೆಡ್ ಹಾಕಿದರೆ ಪೂರಾ ಪುಡಿಯಾಗುತ್ತದೆ. ಬರೀ ಅಂಗಡಿ ಬ್ರೆಡ್ ಆದರೆ ರುಚಿ ಸಪ್ಪೆ, ಖರ್ಚೂ ಜಾಸ್ತಿ.

ಕಾರ್ನ್‌ಬ್ರೆಡ್‌ಗೆ:
ಕಾರ್ನ್‌ಮೀಲ್ 2 ಕಪ್ (ಸುಮಾರು 300 ಗ್ರಾಂ), ಗ್ಲುಟೆನ್ ಫ್ರೀ ಲೇಬಲ್ ಇರುವುದು
ಬೇಕಿಂಗ್ ಪೌಡರ್ 2 ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು 1 ಟೀ ಚಮಚ
ಮೊಟ್ಟೆ 2
ಅಂಗಡಿಯ ಬಟರ್‌ಮಿಲ್ಕ್ ಒಂದೂ ಮುಕ್ಕಾಲು ಕಪ್
ಕರಗಿಸಿದ ಬೆಣ್ಣೆ 4 ದೊಡ್ಡ ಚಮಚ

ಸ್ಟಫಿಂಗ್‌ಗೆ:
ಗ್ಲುಟೆನ್ ಇಲ್ಲದ ಬಿಳಿ ಬ್ರೆಡ್ ಒಂದು ಲೋಫ್, 350ರಿಂದ 400 ಗ್ರಾಂ
ಬೆಣ್ಣೆ ಒಂದು ಕಡ್ಡಿ (113 ಗ್ರಾಂ), ಮೇಲೆ ಹಾಕಲು ಇನ್ನೂ ಸ್ವಲ್ಪ
ದೊಡ್ಡ ಈರುಳ್ಳಿ 2, ಸೆಲರಿ 5-6 ದಂಟು, ಬೆಳ್ಳುಳ್ಳಿ 4 ಎಸಳು
ಹಸಿ ಸೇಜ್ ಹೆಚ್ಚಿದ್ದು 2 ದೊಡ್ಡ ಚಮಚ, ಹಸಿ ಥೈಮ್ 1 ದೊಡ್ಡ ಚಮಚ, ರೋಸ್ಮರಿ 1 ಟೀ ಚಮಚ, ಪಾರ್ಸ್ಲಿ ಒಂದು ಹಿಡಿ
ಕಾಳುಮೆಣಸಿನ ಪುಡಿ 1 ಟೀ ಚಮಚ, ಉಪ್ಪು
ಮೊಟ್ಟೆ 2
ತರಕಾರಿ ಸ್ಟಾಕ್ 3 ಕಪ್ (ಎಲ್ಲ ಬೇಕಾಗದೇ ಇರಬಹುದು)

ಹೆಸರುಗಳ ಗೊಂದಲ ಒಂದನ್ನು ಬಗೆಹರಿಸಿಬಿಡೋಣ. ಇಲ್ಲಿನ ಕಾರ್ನ್‌ಮೀಲ್ ಅಂದರೆ ಮೆಕ್ಕೆಜೋಳದ ತರಿ, ಸಣ್ಣ ರವೆಯಂತೆ ಇರುತ್ತದೆ. ನಮ್ಮೂರಲ್ಲಿ ಕಾರ್ನ್ ಫ್ಲೋರ್ ಅಂತ ಮಾರುವ ನುಣುಪಾದ ಬಿಳಿ ಪುಡಿ ಇಲ್ಲಿ ಕಾರ್ನ್ ಸ್ಟಾರ್ಚ್. ಅದನ್ನು ಹಾಕಿದರೆ ಬ್ರೆಡ್ ಬದಲು ಗೋಂದು ಸಿಗುತ್ತದೆ. ರೊಟ್ಟಿ ಮಾಡುವ ಬಿಳಿಜೋಳ ಇವೆರಡೂ ಅಲ್ಲ. ಇಲ್ಲಿನ ಬಟರ್‌ಮಿಲ್ಕ್ ಕೂಡ ನಮ್ಮ ನೀರುಮಜ್ಜಿಗೆ ಅಲ್ಲ, ಗಟ್ಟಿಯಾಗಿರುತ್ತದೆ. ಸಿಗದಿದ್ದರೆ ಮೊಸರಿಗೆ ಸ್ವಲ್ಪ ಹಾಲು ಹಾಕಿ ಕಡೆದು, ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ ಮಾಡಿಕೊಳ್ಳಿ.

ಸೇಜ್ ಕೆಲವರಿಗೆ ಹೊಸದು. ಎಲೆ ಮುಟ್ಟಿದರೆ ಮಖಮಲ್, ವಾಸನೆ ಕರ್ಪೂರದ ಕಡೆಯದು. ಥೈಮ್ ಮಾತ್ರ ನಮಗೆ ಪರಿಚಿತವೇ. ಮೂಸಿ ನೋಡಿ, ಓಮದ ನೆನಪಾಗುತ್ತದೆ. ಎರಡಕ್ಕೂ ಆ ಪರಿಮಳ ಕೊಡುವುದು ಥೈಮಾಲ್ ಎಂಬ ಒಂದೇ ವಸ್ತು. ಹಾಗಂತ ಥೈಮ್ ಬದಲು ಓಮ ಹಾಕಬೇಡಿ. ಓಮ ಒಂದು ಚಿಟಿಕೆ ಜಾಸ್ತಿಯಾದರೆ ಊಟ ಹೋಗಿ ಹೊಟ್ಟೆನೋವಿನ ಕಷಾಯ ಆಗುತ್ತದೆ.

ಮಂಗಳವಾರ: ಕಾರ್ನ್‌ಬ್ರೆಡ್ ಮತ್ತು ಸ್ಟಾಕ್

ಓವನ್ 425 ಡಿಗ್ರಿ ಫ್ಯಾರನ್‌ಹೀಟ್‌ಗೆ (220 ಸೆಲ್ಸಿಯಸ್) ಬಿಸಿ ಮಾಡಿ. 9 ಇಂಚಿನ ಚೌಕ ಟ್ರೇಗೆ ಪೇಪರ್ ಹಾಸಿ ಬೆಣ್ಣೆ ಸವರಿ. ಒಂದು ಪಾತ್ರೆಯಲ್ಲಿ ಕಾರ್ನ್‌ಮೀಲ್, ಉಪ್ಪು, ಸೋಡಾ, ಬೇಕಿಂಗ್ ಪೌಡರ್ ಬೆರೆಸಿ. ಇನ್ನೊಂದರಲ್ಲಿ ಮೊಟ್ಟೆ, ಬಟರ್‌ಮಿಲ್ಕ್, ಬೆಣ್ಣೆ ಕಲಸಿ. ಎರಡನ್ನೂ ಸೇರಿಸಿ ಹತ್ತು ನಿಮಿಷ ಬಿಡಿ. ಈ ಹತ್ತು ನಿಮಿಷದಲ್ಲಿ ತರಿ ನೀರು ಕುಡಿಯುತ್ತದೆ, ಬ್ರೆಡ್ ಹಲ್ಲಿಗೆ ಮರಳಿನಂತೆ ಸಿಗುವುದಿಲ್ಲ. 20ರಿಂದ 25 ನಿಮಿಷ ಬೇಯಿಸಿ. ಅಂಚು ಕೆಂಪಗಾಗಿ, ನಡುವೆ ಚುಚ್ಚಿದ ಕಡ್ಡಿ ಒಣಗಿ ಹೊರಬಂದರೆ ಆಯಿತು.

ಸಕ್ಕರೆ ಹಾಕಿಲ್ಲ, ಗಮನಿಸಿ. ಕಾರ್ನ್‌ಬ್ರೆಡ್‌ಗೆ ಸಕ್ಕರೆ ಹಾಕಬೇಕೋ ಬೇಡವೋ ಅಂತ ಅಮೆರಿಕದ ಉತ್ತರದವರಿಗೂ ದಕ್ಷಿಣದವರಿಗೂ ಜಗಳ. ಸಾರಿಗೆ ಬೆಲ್ಲ ಹಾಕುವ ಜಗಳ ನಮ್ಮಲ್ಲೂ ಇದೆಯಲ್ಲ, ಹಾಗೆ. ಬೇರೆ ದಿನ ಏನಾದರೂ ಮಾಡಿಕೊಳ್ಳಿ, ಸ್ಟಫಿಂಗ್‌ಗೆ ಸಿಹಿ ಬೇಡ.

ಅತ್ತ ಕಾರ್ನ್‌ಬ್ರೆಡ್ ಬೇಯುವಾಗ ಇತ್ತ ಸ್ಟಾಕ್ ಇಡಿ. ಈರುಳ್ಳಿ, ಕ್ಯಾರೆಟ್, ಸೆಲರಿಯ ತಲೆ ಬಾಲ, ಪಾರ್ಸ್ಲಿ ದಂಟು, ನಾಲ್ಕು ಅಣಬೆ, ಒಂದು ಪಲಾವ್ ಎಲೆ, ಹತ್ತು ಕಾಳುಮೆಣಸು, ಎಂಟು ಕಪ್ ನೀರು. ಮುಕ್ಕಾಲು ಗಂಟೆ ಸಣ್ಣಗೆ ಕುದಿಸಿ ಸೋಸಿ. ಎಲೆಕೋಸು, ಹೂಕೋಸು ಹಾಕಬೇಡಿ, ಕಹಿ ಬಿಡುತ್ತವೆ. ಬೇಳೆ ಬೇಯಿಸಿ ಕಟ್ಟು ತೆಗೆಯುವ ನಮಗೆ ಇದೇನು ದೊಡ್ಡ ಕೆಲಸವಲ್ಲ, ಕ್ಯೂಬಿನ ಚಿಂತೆಯೂ ಇಲ್ಲ. ಅಣಬೆ ಮಾತ್ರ ಬಿಡಬೇಡಿ. ಮಾಂಸದ ಸ್ಟಾಕ್ ಇಲ್ಲದ ಕೊರತೆಯನ್ನು ತುಂಬುವುದು ಅದೇ.

ಬುಧವಾರ: ಒಣಗಿಸುವುದು

ಇಡೀ ಅಡುಗೆಯ ಗುಟ್ಟು ಇಲ್ಲಿದೆ. ಮೊದಲ ವರ್ಷ ನಾನು ಕೆಡಿಸಿದ್ದೂ ಇಲ್ಲೇ.

ಗೋಧಿ ಬ್ರೆಡ್ಡಿನಲ್ಲಿ ಗ್ಲುಟೆನ್ನು ಬಲೆಯ ಹಾಗೆ ಹೆಣೆದುಕೊಂಡಿರುತ್ತದೆ. ಸ್ಟಾಕ್ ಹೀರಿದರೂ ತುಂಡು ತುಂಡಾಗಿಯೇ ಉಳಿಯುತ್ತದೆ. ಗ್ಲುಟೆನ್ ಇಲ್ಲದ ಬ್ರೆಡ್ಡಿಗೆ ಆ ಬಲೆ ಇಲ್ಲ. ಅಕ್ಕಿ ಹಿಟ್ಟು, ಮರಗೆಣಸಿನ ಪಿಷ್ಟ, ಅವನ್ನು ಹಿಡಿದಿಡಲು ಕ್ಸಾಂಥನ್ ಗಮ್ ಅಥವಾ ಸಿಲಿಯಂ. ಸಿಲಿಯಂ ಅಂದರೆ ಬೇರೇನಲ್ಲ, ಮಲಬದ್ಧತೆಗೆ ಅಜ್ಜಂದಿರು ರಾತ್ರಿ ಕುಡಿಯುತ್ತಿದ್ದ ಇಸಬ್‌ಗೋಲ್. ಇಂಥ ಬ್ರೆಡ್ ಹಸಿಯಾಗಿದ್ದಾಗ ಸ್ಟಾಕ್ ಬಿದ್ದರೆ ಪಿಷ್ಟ ಸೀದಾ ಕರಗಿ ಅಂಬಲಿ. ಪೂರ್ತಿ ಒಣಗಿದ್ದರೆ ಮಾತ್ರ ತಡೆದುಕೊಳ್ಳುತ್ತದೆ.

ಗೋಧಿ ಬ್ರೆಡ್ಡನ್ನು ರಾತ್ರಿ ಹೊರಗಿಟ್ಟರೆ ಸಾಕು ಅನ್ನುತ್ತಾರೆ. ಇದಕ್ಕೆ ಅದು ನಡೆಯುವುದಿಲ್ಲ. ಹೊರಗಿಟ್ಟರೆ ಗಟ್ಟಿಯಾಗುತ್ತದೆ, ಒಣಗುವುದಿಲ್ಲ. ಎರಡೂ ಬೇರೆ. ಓವನ್ ಬೇಕೇ ಬೇಕು.

ಬ್ರೆಡ್ ಫ್ರೀಜರ್‌ನದಾಗಿದ್ದರೆ ಅರ್ಧ ಕರಗಿದಾಗಲೇ ಕತ್ತರಿಸಿ, ಪುಡಿಯಾಗುವುದಿಲ್ಲ. ಒಂದೂವರೆ, ಎರಡು ಸೆಂಟಿಮೀಟರ್ ಚೌಕಗಳು. ಓವನ್ 250 ಫ್ಯಾರನ್‌ಹೀಟ್ (120 ಸೆಲ್ಸಿಯಸ್). ಒಂದೇ ಪದರದಲ್ಲಿ ಹರಡಿ 45 ನಿಮಿಷದಿಂದ ಒಂದು ಗಂಟೆ. ನಡುನಡುವೆ ಕೆದಕಿ. ಬಣ್ಣ ಜಾಸ್ತಿ ಬರಬಾರದು. ಒಂದು ತುಂಡು ಮುರಿದರೆ ಹಪ್ಪಳದ ಹಾಗೆ ಟಕ್ ಅನ್ನಬೇಕು. ನಡುವೆ ಮೆತ್ತಗಿದ್ದರೆ ಇನ್ನೂ ಹತ್ತು ನಿಮಿಷ ಬಿಡಿ. ಕಾರ್ನ್‌ಬ್ರೆಡ್ ಅನ್ನು ಚೂರಿಯಿಂದಲ್ಲ, ಕೈಯಿಂದ ಮುರಿಯಿರಿ. ಒಂದು ನೆಲ್ಲಿಕಾಯಿ ಗಾತ್ರದ ತುಂಡುಗಳಿದ್ದರೆ ಚೆನ್ನ. ಇದಕ್ಕೆ ಅದೇ ಬಿಸಿಯಲ್ಲಿ 30-40 ನಿಮಿಷ. ಇದು ಟಕ್ ಅನ್ನಬೇಕಿಲ್ಲ, ಮೇಲ್ಮೈ ಒಣಗಿದರೆ ಸಾಕು. ಪುಡಿಯಾದದ್ದನ್ನು ಬಿಸಾಡಬೇಡಿ, ಅದು ಒಳಗೆ ಸೇರಿ ತುಂಡುಗಳನ್ನು ಹಿಡಿದಿಡುತ್ತದೆ.

ಎರಡೂ ಪೂರ್ತಿ ತಣಿದ ಮೇಲೆ ಮುಚ್ಚಳ ಇರುವ ಡಬ್ಬಿಗೆ ಹಾಕಿ ಹೊರಗೇ ಇಡಿ.

ಅದೇ ಸಂಜೆ ಒಗ್ಗರಣೆಯ ಕೆಲಸವನ್ನೂ ಮುಗಿಸಬಹುದು. ಅಗಲ ಬಾಣಲೆಯಲ್ಲಿ ಬೆಣ್ಣೆ ಕರಗಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಸೆಲರಿ, ಒಂದು ಟೀ ಚಮಚ ಉಪ್ಪು ಹಾಕಿ ಹದ ಉರಿಯಲ್ಲಿ 12ರಿಂದ 15 ನಿಮಿಷ ಬಾಡಿಸಿ. ಪಲ್ಯದ ಹಾಗೆ ಅವಸರ ಬೇಡ. ಈರುಳ್ಳಿ ಕೆಂಪಾಗಬಾರದು, ಸೆಲರಿ ಕಚ್ಚಿದರೆ ಕರಕರ ಅನ್ನಬಾರದು. ಅರ್ಧ ಬೆಂದ ಸೆಲರಿ ಇದ್ದರೆ ಸ್ಟಫಿಂಗ್ ಪೂರ್ತಿ ಹಸಿ ವಾಸನೆ. ಕೊನೆಗೆ ಬೆಳ್ಳುಳ್ಳಿ, ಸೇಜ್, ಥೈಮ್, ರೋಸ್ಮರಿ, ಮೆಣಸಿನ ಪುಡಿ ಹಾಕಿ ಒಂದೆರಡು ನಿಮಿಷ. ಸೇಜ್ ಬಿಸಿ ಬೆಣ್ಣೆಗೆ ಬಿದ್ದಾಗ ಮನೆಯೆಲ್ಲ ಹಬ್ಬದ ವಾಸನೆ ಬರುತ್ತದೆ. ತಣಿದ ಮೇಲೆ ಫ್ರಿಜ್‌ಗೆ.

ಖಾರ ಬೇಕೆನ್ನುವವರು ಒಂದು ಹಾಲಪೆನ್ಯೋ ಮೆಣಸಿನಕಾಯಿ ಹಾಕಿಕೊಳ್ಳಿ, ನಾನೂ ಹಾಕುತ್ತೇನೆ. ಆದರೆ ಗರಂ ಮಸಾಲೆ, ಅರಿಶಿನ ದಯವಿಟ್ಟು ಬೇಡ. ಒಂದು ವರ್ಷ ಹಾಕಿ ನೋಡಿದೆ. ಚೆನ್ನಾಗೇ ಇತ್ತು, ಆದರೆ ಪಲಾವ್ ಆಗಿತ್ತು.

ಬ್ರೆಡ್, ತರಕಾರಿ, ಮೊಟ್ಟೆ ಎಲ್ಲ ಬುಧವಾರವೇ ಬೆರೆಸಿ ಇಡುವ ಆಸೆಯಾಗುತ್ತದೆ. ಬೇಡ. ಹಸಿ ಮೊಟ್ಟೆ ಬಿದ್ದ ಒದ್ದೆ ಬ್ರೆಡ್ ರಾತ್ರಿಯಿಡೀ ಇಡುವುದು ಆರೋಗ್ಯಕ್ಕೂ ಒಳ್ಳೆಯದಲ್ಲ, ಹದಕ್ಕೂ ಅಲ್ಲ. ಒಣದು ಒಣಗಿರಲಿ, ಒದ್ದೆಯದು ಫ್ರಿಜ್‌ನಲ್ಲಿರಲಿ.

ಗುರುವಾರ: ಕಲಸಿ ಬೇಯಿಸುವುದು

ಊಟಕ್ಕೆ ಒಂದೂವರೆ ಗಂಟೆ ಮುಂಚೆ ಶುರು ಮಾಡಿ. ಓವನ್ 350 ಫ್ಯಾರನ್‌ಹೀಟ್ (175 ಸೆಲ್ಸಿಯಸ್).

ತರಕಾರಿ ಒಗ್ಗರಣೆಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ದೊಡ್ಡ ಪಾತ್ರೆಯಲ್ಲಿ ಬ್ರೆಡ್, ಕಾರ್ನ್‌ಬ್ರೆಡ್, ಪಾರ್ಸ್ಲಿ ಜೊತೆ ಬೆರೆಸಿ. ಕೈಯಿಂದ ಬೆರೆಸುವುದೇ ವಾಸಿ, ಸೌಟು ತುಂಡುಗಳನ್ನು ಒಡೆಯುತ್ತದೆ. ಸ್ಟಾಕ್ ಉಗುರುಬೆಚ್ಚಗಿರಲಿ, ಅದಕ್ಕೆ ಅರ್ಧ ಟೀ ಚಮಚ ಉಪ್ಪು ಹಾಕಿ ರುಚಿ ನೋಡಿ. ಸಾರಿನಷ್ಟು ಉಪ್ಪಿರಬೇಕು. ಆಮೇಲೆ ಎರಡು ಕಪ್ ಸ್ಟಾಕ್‌ಗೆ ಎರಡು ಮೊಟ್ಟೆ ಒಡೆದು ಕಡೆಯಿರಿ. ಸ್ಟಾಕ್ ಕುದಿಯುತ್ತಿದ್ದರೆ ಮೊಟ್ಟೆ ಗಂಟು ಗಂಟಾಗುತ್ತದೆ, ಹುಷಾರು. ಇದನ್ನು ಬ್ರೆಡ್ ಮೇಲೆ ಸುತ್ತಲೂ ಸುರಿದು, ಮೆತ್ತಗೆ ತಿರುಗಿಸಿ, ಹತ್ತು ನಿಮಿಷ ಸುಮ್ಮನಿರಿ.

ಸುಮ್ಮನಿರಿ ಅಂದೆ. ಮೊದಲ ಎರಡು ನಿಮಿಷ ಒಣಗಿದ ಹಾಗೆ ಕಾಣುತ್ತದೆ, ಇನ್ನೊಂದು ಕಪ್ ಸುರಿಯಲು ಕೈ ತುರಿಸುತ್ತದೆ. ಗೋಧಿ ಬ್ರೆಡ್ಡಿನ ಅಳತೆಯಲ್ಲಿ ಇಷ್ಟೇ ಬ್ರೆಡ್ಡಿಗೆ ಮೂರು, ನಾಲ್ಕು ಕಪ್ ಹೇಳುತ್ತಾರೆ. ಅದನ್ನು ನಂಬಿದ್ದೇ ನನ್ನ ಗಂಜಿಗೆ ಕಾರಣ. ಇದು ನಿಧಾನವಾಗಿ ಹೀರುತ್ತದೆ, ಕಡಿಮೆಯೇ ಹೀರುತ್ತದೆ. ಹತ್ತು ನಿಮಿಷದ ನಂತರ ಒಂದು ಹಿಡಿ ತೆಗೆದುಕೊಂಡು ಒತ್ತಿ. ರವೆ ಉಂಡೆ ಕಟ್ಟುವಾಗಿನ ಹದ ಗೊತ್ತಲ್ಲ? ಒತ್ತಿದರೆ ಕೂಡಿಕೊಳ್ಳಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಉದುರಿದರೆ ಕಾಲು ಕಾಲು ಕಪ್ ಸ್ಟಾಕ್ ಸೇರಿಸುತ್ತಾ ಹೋಗಿ. ನನಗೆ ಸಾಮಾನ್ಯವಾಗಿ ಎರಡೂವರೆ ಕಪ್ಪಿಗೆ ಹದ ಬರುತ್ತದೆ.

ಬೆಣ್ಣೆ ಸವರಿದ ಟ್ರೇಗೆ ಹಾಕಿ. ಒತ್ತಿ ತುಂಬಬೇಡಿ, ಸುಮ್ಮನೆ ಹರಡಿ. ಮೇಲೆ ಉಬ್ಬು ತಗ್ಗು ಇದ್ದಷ್ಟೂ ಗರಿ ಜಾಸ್ತಿ. ಬೆಣ್ಣೆ ಚೂರುಗಳನ್ನು ಅಲ್ಲಲ್ಲಿ ಇಟ್ಟು, ಫಾಯಿಲ್ ಮುಚ್ಚಿ 30 ನಿಮಿಷ ಬೇಯಿಸಿ. ಆಮೇಲೆ ಫಾಯಿಲ್ ತೆಗೆದು 20-25 ನಿಮಿಷ, ಮೇಲೆ ಹೊಂಬಣ್ಣ ಬರುವ ತನಕ. ಅಡುಗೆ ಥರ್ಮಾಮೀಟರ್ ಇದ್ದರೆ ನಡುಭಾಗ 165 ಫ್ಯಾರನ್‌ಹೀಟ್ (74 ಸೆಲ್ಸಿಯಸ್) ತೋರಿಸಬೇಕು. ಹೊರತೆಗೆದು ಹತ್ತು ನಿಮಿಷ ಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ.

ಟರ್ಕಿ ಮಾಡುವವರಿಗೆ: ಓವನ್ ಒಂದೇ ಇದ್ದರೆ ಕೋಳಿ ಹೊರಬಂದು ಆರುತ್ತಿರುವಾಗ ಟ್ರೇ ಒಳಗಿಡಿ. ಕೋಳಿಯೊಳಗೇ ತುಂಬುವುದು ನನಗೆ ಇಷ್ಟವಿಲ್ಲ. ತುಂಬಿದ್ದು 165ಕ್ಕೆ ಬರುವಷ್ಟರಲ್ಲಿ ಎದೆ ಮಾಂಸ ಒಣಗಿ ಹೋಗಿರುತ್ತದೆ ಅಂತ ಪ್ರತಿವರ್ಷ ಟರ್ಕಿ ತರುವ ಗೆಳತಿ ಹೇಳುತ್ತಾಳೆ. ಸಸ್ಯಾಹಾರಿಗಳಿಗೆ ಟ್ರೇಯೇ ದಾರಿ. ಆದರೆ ಒಂದು ಮಾತು: ಬೇರೆ ಯಾರಾದರೂ ಗೋಧಿ ಸ್ಟಫಿಂಗ್ ತುಂಬಿದ ಕೋಳಿ ತಂದರೆ ಆ ಕೋಳಿ ಪೂರ್ತಿ, ಅದರ ರಸದಿಂದ ಮಾಡಿದ ಗ್ರೇವಿ ಪೂರ್ತಿ ಸೀಲಿಯಾಕ್ ಇರುವವರಿಗೆ ವರ್ಜ್ಯ. ಗ್ರೇವಿಗೆ ಮೈದಾ ಹಾಕುವುದು ರೂಢಿ. ಮೊದಲೇ ಫೋನ್ ಮಾಡಿ ಕಾರ್ನ್ ಸ್ಟಾರ್ಚ್ ಹಾಕಲು ಹೇಳಿ. ಎರಡು ಕಪ್ ಬಿಸಿ ಸ್ಟಾಕ್‌ಗೆ ಎರಡು ದೊಡ್ಡ ಚಮಚ ಪುಡಿ, ತಣ್ಣೀರಿನಲ್ಲಿ ಕದಡಿ ಹಾಕಿದರೆ ಸಾಕು.

ಮೊಟ್ಟೆ ತಿನ್ನದವರಿಗೆ

ಅತ್ತೆ ಊರಿಂದ ಬಂದಿದ್ದ ವರ್ಷ ಇದನ್ನೂ ಮಾಡಿದೆ. ಮೊದಲ ತೊಡಕು ಬ್ರೆಡ್ಡೇ. ಅಂಗಡಿಯ ಗ್ಲುಟೆನ್ ಇಲ್ಲದ ಬ್ರೆಡ್‌ಗಳಲ್ಲಿ ಹಲವಕ್ಕೆ ಮೊಟ್ಟೆಯ ಬಿಳಿ ಹಾಕಿರುತ್ತಾರೆ. ವೀಗನ್ ಅಂತ ಬರೆದದ್ದನ್ನು ಹುಡುಕಿ. ಕಾರ್ನ್‌ಬ್ರೆಡ್‌ಗೆ ಎರಡು ಮೊಟ್ಟೆಯ ಬದಲು ಎರಡು ದೊಡ್ಡ ಚಮಚ ಅಗಸೆ ಪುಡಿಯನ್ನು ಆರು ದೊಡ್ಡ ಚಮಚ ನೀರಿನಲ್ಲಿ ನೆನೆಸಿ ಹಾಕಿ. ಬ್ರೆಡ್ ಸ್ವಲ್ಪ ಒಡೆಯುತ್ತದೆ. ಒಡೆಯಲಿ ಬಿಡಿ, ಹೇಗೂ ಮುರಿಯುವುದಕ್ಕೇ ತಾನೆ? ಕೊನೆಗೆ ಕಲಸುವಾಗ ಮೊಟ್ಟೆಯ ಜಾಗಕ್ಕೆ ಒಂದು ದೊಡ್ಡ ಚಮಚ ಇಸಬ್‌ಗೋಲ್. ಅರ್ಧ ಕಪ್ ತಣ್ಣನೆ ಸ್ಟಾಕ್‌ನಲ್ಲಿ ಐದು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ, ಉಳಿದ ಸ್ಟಾಕ್ ಜೊತೆ ಕಡೆದು ಸುರಿಯಿರಿ. ಜೋಳದ ಹಿಟ್ಟಿಗೆ ಗ್ಲುಟೆನ್ ಇಲ್ಲದಿದ್ದರೂ ಬಿಸಿ ಎಸರು ಹಾಕಿ ಜಿಗಿ ಬರಿಸಿ ರೊಟ್ಟಿ ಬಡಿಯುತ್ತಾರಲ್ಲ, ಲೋಳೆಯ ಕೆಲಸ ಇಲ್ಲಿ ಅದೇ. "ಇದೇನು, ಖಾರದ ಕೇಕಾ?" ಅಂತ ಅತ್ತೆ ಕೇಳಿದರು. ಎರಡು ಸಲ ಹಾಕಿಸಿಕೊಂಡರು.

ಕೆಟ್ಟರೆ

ಓವನ್‌ನಿಂದ ತೆಗೆದಾಗ ನೀರು ನೀರಾಗಿದ್ದರೆ ಗಾಬರಿ ಬೇಡ. ಫಾಯಿಲ್ ಇಲ್ಲದೆ, 400 ಫ್ಯಾರನ್‌ಹೀಟ್‌ನಲ್ಲಿ ಇನ್ನೂ 15 ನಿಮಿಷ ಬಿಡಿ. ಎರಡು ಅಗಲ ಟ್ರೇಗಳಿಗೆ ತೆಳ್ಳಗೆ ಹರಡಿದರೆ ಇನ್ನೂ ಬೇಗ. ಒಣಗಿದ್ದರೆ ಬಿಸಿ ಸ್ಟಾಕ್ ಅರ್ಧ ಕಪ್ ಚಿಮುಕಿಸಿ, ಫಾಯಿಲ್ ಮುಚ್ಚಿ ಹತ್ತು ನಿಮಿಷ. ಸಪ್ಪೆ ಅನಿಸಿದರೆ ಬಹುತೇಕ ಉಪ್ಪಿನ ಕೊರತೆ. ಕರಗಿಸಿದ ಬೆಣ್ಣೆಯಲ್ಲಿ ಉಪ್ಪು ಬೆರೆಸಿ ಮೇಲೆ ಹಾಕಿ.

ಮೇಜಿನ ಮೇಲೆ ಇದಕ್ಕೆ ಅದರದೇ ಸೌಟು. ಡಿನ್ನರ್ ರೋಲ್‌ಗಳ (ಗೋಧಿಯ ಪುಟ್ಟ ಬನ್ನುಗಳ) ಬುಟ್ಟಿಯನ್ನು ಮೇಜಿನ ಆ ತುದಿಗೆ ಇಡಿ. ಮೊದಲು ಬಡಿಸಿಕೊಳ್ಳುವುದು ಯಾರಿಗೆ ಪಥ್ಯವೋ ಅವರೇ. ದೊಡ್ಡವರಿಗೆ ಮೊದಲು ಅನ್ನುವ ನಮ್ಮ ಪದ್ಧತಿ ಅವತ್ತೊಂದು ದಿನ ಪಕ್ಕಕ್ಕಿರಲಿ.

ಉಳಿದರೆ

ಬೆಂದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಮೂರು, ನಾಲ್ಕು ದಿನ ಇರುತ್ತದೆ. ಶುಕ್ರವಾರ ಬೆಳಿಗ್ಗೆ ನಾನು ಇದನ್ನು ವಡೆಯ ಹಾಗೆ ತಟ್ಟಿ, ತವಾ ಮೇಲೆ ಸ್ವಲ್ಪ ಬೆಣ್ಣೆ ಹಾಕಿ ಎರಡೂ ಕಡೆ ಕೆಂಪಗೆ ಹುರಿಯುತ್ತೇನೆ. ಜೊತೆಗೆ ಉಳಿದ ಕ್ರ್ಯಾನ್‌ಬೆರಿ ಸಾಸ್, ಚಟ್ನಿಯ ಥರ. ನನ್ನ ಪ್ರಕಾರ ಗುರುವಾರದ ಟ್ರೇಗಿಂತ ಇದೇ ರುಚಿ. ತವಾ ಯಾವುದು ಅಂತ ಮಾತ್ರ ನೋಡಿಕೊಳ್ಳಿ. ದಿನಾ ಚಪಾತಿ ಸುಡುವುದಲ್ಲ, ಬೇರೆಯದು. ಭಾವನ ಮಗಳು ಶುಕ್ರವಾರ ಮಧ್ಯಾಹ್ನದ ತನಕ ಇರುತ್ತಾಳೆ, ಅವಳ ಪಾಲು ತೆಗೆದಿಡಬೇಕು.